ಸೇವಾ ಪುಸ್ತಕವಿಲ್ಲದ ದುಡಿಮೆ

ಯುಗಾದಿಗೆಂದು ಊರಿಗೆ ಬಂದಿದ್ದ ತಮ್ಮನ ಮಗ ಹಬ್ಬ ಮುಗಿದು ವಾರ ಕಳೆದರೂ ಬೆಂಗಳೂರಿನ ಬಸ್ಸು ಹತ್ತಲಿಲ್ಲ. ನಮ್ಮೂರು ಹಾರನಹಳ್ಳಿ; ಅರಸೀಕೆರೆಯಿಂದ ದಕ್ಷಿಣಕ್ಕೆ ಎಂಟು ಕಿಲೋಮೀಟರ್. ಸಂಜೆಯ ಹೊತ್ತು ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸ್ವಲ್ಪ ಕಾಲ ಕುಳಿತುಬರುವುದು ನನ್ನ ನಿವೃತ್ತ ಜೀವನದ ಅಭ್ಯಾಸ. ಒಂದು ದಿನ ಅಲ್ಲಿಗೇ ಬಂದು ಪಕ್ಕದಲ್ಲಿ ಕುಳಿತ ಹುಡುಗ ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಕೇಳಿದ: 'ದೊಡ್ಡಪ್ಪ, ಮೂವತ್ತೆಂಟು ವರ್ಷ ಒಂದೇ ಕಡೆ ಕೆಲಸ ಮಾಡಿದ್ರಲ್ಲ, ಹೆಂಗ್ ಮಾಡಿದ್ರಿ? ಮಧ್ಯದಲ್ಲಿ ಯಾರೂ ನಿಮ್ಮನ್ನ ಬೇಡ ಅನ್ಲಿಲ್ವಾ?'

ಅವನು ಡಿಪ್ಲೊಮಾ ಓದಿದವನು. ನೆಲಮಂಗಲದಾಚೆ, ತುಮಕೂರು ರಸ್ತೆಯ ಬದಿಯ ದೊಡ್ಡದೊಂದು ಉಗ್ರಾಣದಲ್ಲಿ ಎರಡೂವರೆ ವರ್ಷ ದುಡಿದಿದ್ದ. ಜನ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಕೊಂಡ ಸಾಮಾನುಗಳು ಬಂದಿಳಿದು, ವಿಂಗಡಣೆಯಾಗಿ, ಮತ್ತೆ ಹೊರಡುವ ಜಾಗ ಅದು. ಕೈಯಲ್ಲೊಂದು ಸ್ಕ್ಯಾನರ್. ಯಾವ ಸಾಲಿನ ಯಾವ ಅರೆಯಿಂದ ಯಾವ ಪೊಟ್ಟಣ ತೆಗೆಯಬೇಕೆಂದು ಅದೇ ಹೇಳುತ್ತಿತ್ತು. ಎಷ್ಟು ಸೆಕೆಂಡಿನಲ್ಲಿ ತೆಗೆದನೆಂದು ಅದೇ ಬರೆದುಕೊಳ್ಳುತ್ತಿತ್ತು. ಸಂಬಳ ಕೊಡುತ್ತಿದ್ದವರು ಉಗ್ರಾಣದ ಒಡೆಯರಲ್ಲ, ಒಬ್ಬ ಗುತ್ತಿಗೆದಾರ. ಹನ್ನೊಂದು ತಿಂಗಳಿಗೊಮ್ಮೆ ಗುರುತಿನ ಚೀಟಿಯನ್ನು ಹಿಂದಕ್ಕೆ ಪಡೆದು, ನಾಲ್ಕಾರು ದಿನ ಬಿಟ್ಟು ಹೊಸದನ್ನು ಕೊಡುತ್ತಿದ್ದರು. ಪ್ರತಿ ಬಾರಿಯೂ ಅವನು ಹೊಸಬ. ಈ ವರ್ಷದ ಆರಂಭದಲ್ಲಿ ವಿಂಗಡಣೆಗೆ ಹೊಸ ಯಂತ್ರ ಬಂತು. ಒಂದು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಅವನ ಕಾರ್ಡಿಗೆ ಹಸಿರು ದೀಪ ಹತ್ತಲಿಲ್ಲ. 'ನಿಮ್ದು ಸಿಸ್ಟಂನಲ್ಲಿ ಇಲ್ಲ' ಎಂದನಂತೆ ಕಾವಲುಗಾರ. ಯಾರೂ ಬೈಯಲಿಲ್ಲ, ಯಾವ ತಪ್ಪನ್ನೂ ಹೊರಿಸಲಿಲ್ಲ. ಅನುಭವ ಪತ್ರ ಕೇಳಿದಾಗ ಗುತ್ತಿಗೆದಾರನ ಕಚೇರಿಯವರು ಕೊಟ್ಟ ಹಾಳೆಯಲ್ಲಿ ಕೊನೆಯ ಏಳು ತಿಂಗಳು ಮಾತ್ರ ಇತ್ತು. ಹುದ್ದೆಯ ಹೆಸರು: ಸಹಾಯಕ.

ಅವನು ಮಾಡುತ್ತಿದ್ದುದೂ ನಾನು ಮಾಡಿದ್ದೂ ಮೂಲದಲ್ಲಿ ಒಂದೇ ಕೆಲಸ: ಒಬ್ಬರ ಸರಕನ್ನು ಇನ್ನೊಬ್ಬರಿಗೆ ಲೆಕ್ಕ ತಪ್ಪದಂತೆ ತಲುಪಿಸುವುದು. ಈಗ ಅದಕ್ಕೆ ಲಾಜಿಸ್ಟಿಕ್ಸ್ ಎಂಬ ಹೆಸರಿದೆ. ನಾವು 'ಗೂಡ್ಸ್' ಎನ್ನುತ್ತಿದ್ದೆವು. ನನ್ನ ಕಾಲದಲ್ಲಿ ಯಂತ್ರಗಳು ಬದಲಾಗಲಿಲ್ಲವೆಂದಲ್ಲ. ಅವನು ಕಂಡದ್ದಕ್ಕಿಂತ ಹೆಚ್ಚು ಬದಲಾವಣೆಗಳನ್ನು ನಾನು ಕಂಡಿದ್ದೇನೆ. ಆದರೆ ಯಂತ್ರ ಬದಲಾದಾಗಲೆಲ್ಲ ನಾನು ಉಳಿದೆ, ಅವನು ಉಳಿಯಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಯೋಚಿಸುವುದು ಅವನೊಬ್ಬನಿಗಾಗಿ ಮಾತ್ರವಲ್ಲ ಎಂದು ನನಗೆ ತೋರುತ್ತದೆ.

ನಾನು ರೈಲ್ವೆಗೆ ಸೇರಿದ್ದು 1979ರಲ್ಲಿ, ಗೂಡ್ಸ್ ಶೆಡ್ಡಿನ ಪೋರ್ಟರ್ ಆಗಿ. ಹಾಸನ-ಮಂಗಳೂರು ಮಾರ್ಗ ಪೂರ್ಣಗೊಂಡು ಅರಸೀಕೆರೆಗೆ ಕರಾವಳಿಯ ದಾರಿ ತೆರೆದುಕೊಂಡ ವರ್ಷವೂ ಅದೇ. ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳ ಮೇಲೆ ಮುಂದುವರಿದ ಹಳಿ 1889ರಲ್ಲಿ ಹರಿಹರವನ್ನು ಮುಟ್ಟಿದಾಗ ಅರಸೀಕೆರೆ ರೈಲು ಕಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರಿನಿಂದ ಹಾಸನದ ಮೇಲೆ ಇನ್ನೊಂದು ಹಳಿ ಬಂದು ಕೂಡಿಕೊಂಡು ಊರು ಜಂಕ್ಷನ್ ಆಯಿತು. ನಮ್ಮ ಸೀಮೆಯ ಮಧ್ಯಮ ವರ್ಗವೆಂಬುದು ಹುಟ್ಟಿದ್ದೇ ಆ ಜಂಕ್ಷನ್ನಿನ ಆಸುಪಾಸಿನಲ್ಲಿ ಎಂದರೆ ತಪ್ಪಾಗದು. ತೆಂಗಿನ ತೋಟದ ಆದಾಯ ಮಳೆಯನ್ನು ನಂಬಿತ್ತು. ರೈಲ್ವೆಯ ಸಂಬಳ ತಿಂಗಳಿನ ಕೊನೆಯನ್ನು ನಂಬಿತ್ತು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗನಿಗೆ ಎರಡನೆಯದೇ ಭದ್ರವೆಂದು ಅಪ್ಪ ಹೇಳಿದ್ದು ಸಹಜವೇ ಆಗಿತ್ತು.

ಆಗಿನ್ನೂ ಮೀಟರ್ ಗೇಜ್. ಹಬೆ ಎಂಜಿನ್ನುಗಳು ಸಣ್ಣ ಸಣ್ಣ ವ್ಯಾಗನ್ನುಗಳ ಸಾಲನ್ನು ಎಳೆದುಕೊಂಡು ಹೋಗುತ್ತಿದ್ದವು. ನಮ್ಮ ಕಡೆಯ ಮುಖ್ಯ ಸರಕು ಉಂಡೆ ಕೊಬ್ಬರಿ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಆರಿ, ಅಲ್ಲಾಡಿಸಿದರೆ ತಿರುಳು ಚಿಪ್ಪಿಗೆ ಬಡಿದು ಸದ್ದು ಮಾಡುವಾಗ ಒಡೆದು ತೆಗೆಯುವ ಕೊಬ್ಬರಿ ಅದು. ಉತ್ತರ ಭಾರತದ ಪೂಜೆಗೂ ಒಣಹಣ್ಣಿನ ಅಂಗಡಿಗೂ ಅದು ಬೇಕು. ಮಂಡಿಯಿಂದ ಮೂಟೆಗಳು ಗಾಡಿಯಲ್ಲಿ ಬಂದರೆ ತೂಕ ಹಿಡಿದು, ಚೀಲದ ಮೇಲೆ ಬಣ್ಣದಲ್ಲಿ ಗುರುತು ಬರೆದು, ವ್ಯಾಗನ್ನಿಗೆ ತುಂಬಿಸಿ, ಬಾಗಿಲಿಗೆ ಸೀಲು ಹಾಕಬೇಕು. ಗುಮಾಸ್ತರು ಕಾರ್ಬನ್ ಹಾಳೆಗಳನ್ನು ಜೋಡಿಸಿಕೊಂಡು, ದೂರದ ಪಟ್ಟಿ, ದರದ ಪಟ್ಟಿ ನೋಡಿ, ಕೈಯಲ್ಲೇ ಲೆಕ್ಕ ಮಾಡಿ ರೈಲ್ವೆ ರಸೀದಿ ಬರೆಯುತ್ತಿದ್ದರು. ಎಲ್ಲರೂ ಅದನ್ನು 'ಆರ್.ಆರ್.' ಎಂದೇ ಕರೆಯುವುದು. ಅದು ಕೇವಲ ರಸೀದಿಯಲ್ಲ, ಸರಕಿನ ಒಡೆತನದ ಪತ್ರ. ಅದನ್ನು ಬ್ಯಾಂಕಿಗೆ ಒಪ್ಪಿಸಿದರೆ ಸರಕು ತಲುಪುವ ಮುಂಚೆಯೇ ವರ್ತಕನ ಕೈಗೆ ಹಣ ಬರುತ್ತಿತ್ತು. ಸಣ್ಣ ನಿಲ್ದಾಣದ ಗುಮಾಸ್ತನೊಬ್ಬನ ರುಜುವಿನ ಮೇಲೆ ದೂರದ ಊರಿನ ವ್ಯಾಪಾರಿ ನಂಬಿಕೆ ಇಡುತ್ತಿದ್ದ. ಪೋರ್ಟರ್ ಆಗಿ ಮೂಟೆ ಎಣಿಸುತ್ತಿದ್ದ ನನಗೆ ಆ ರುಜು ಹಾಕುವ ಆಸೆ ಹುಟ್ಟಿದ್ದು ಆಗಲೇ.

1985ರಲ್ಲಿ ಇಲಾಖಾ ಪರೀಕ್ಷೆ ಬರೆದೆ. ಕೆಳದರ್ಜೆಯ ನೌಕರರು ಪರೀಕ್ಷೆ ಬರೆದು ಗುಮಾಸ್ತರಾಗಲು ಒಂದಿಷ್ಟು ಸ್ಥಾನಗಳನ್ನು ಮೀಸಲಿಡುವ ಪದ್ಧತಿ ಇತ್ತು. ತೇರ್ಗಡೆಯಾದ ಮೇಲೆ ತಿರುಚಿರಾಪಳ್ಳಿಯ ತರಬೇತಿ ಶಾಲೆಗೆ ಕಳುಹಿಸಿದರು. ಸಂಬಳ ಕೊಟ್ಟೇ ಕಲಿಸಿದರು. ತಮಿಳು ಬಾರದ ನಾನು, ಕನ್ನಡ ಬಾರದ ಗುರುಗಳು. ನಡುವೆ ಇಬ್ಬರಿಗೂ ಅರೆಬರೆ ಗೊತ್ತಿದ್ದ ಇಂಗ್ಲಿಷು. ಆದರೂ ಸಾಗಣೆ ದರ ನಿರ್ಧರಿಸುವುದು, ತಡವಾಗಿ ಖಾಲಿ ಮಾಡಿದ ವ್ಯಾಗನ್ನಿಗೆ ಡೆಮರೇಜ್ ಹಾಕುವುದು, ಕಟ್ಟೆಯ ಮೇಲೆ ಉಳಿದ ಸರಕಿಗೆ ವಾರ್ಫೇಜ್ ಹಾಕುವುದು, ಎಲ್ಲವನ್ನೂ ಕಲಿತೆ. ಗುಮಾಸ್ತನಾದ ಮೊದಲ ವರ್ಷವೇ ಒಂದು ರಸೀದಿಯಲ್ಲಿ ದರದ ವರ್ಗ ತಪ್ಪಾಗಿ ನೋಡಿ ಕಡಿಮೆ ಹಣ ವಸೂಲಿ ಮಾಡಿದೆ. ಲೆಕ್ಕಪತ್ರ ತಪಾಸಣೆಯಲ್ಲಿ ಅದು ಸಿಕ್ಕಿತು. ಕೊರತೆ ಬಿದ್ದ ಹಣ ನನ್ನ ಹೆಸರಿಗೆ ಡೆಬಿಟ್ ಆಗಿ ನಾಲ್ಕು ತಿಂಗಳು ಸಂಬಳದಲ್ಲಿ ಮುರಿಯಿತು. ಹೊಸದಾಗಿ ಮದುವೆಯಾಗಿದ್ದ ದಿನಗಳವು. ಮನೆಯಲ್ಲಿ ಹೇಳಲಾಗದೆ ಒದ್ದಾಡಿದ್ದೇನೆ. ಆದರೆ ತಪ್ಪು ನನ್ನ ಹೆಸರಿಗೆ ಬರೆಯಲ್ಪಟ್ಟಂತೆ ಮುಂದಿನ ಸರಿಗಳೂ ನನ್ನ ಹೆಸರಿಗೇ ಬರೆಯಲ್ಪಟ್ಟವು. ಹೊಣೆ ಮತ್ತು ಹೆಸರು ಜೊತೆಯಾಗಿ ಬರುತ್ತವೆ ಎಂಬ ಪಾಠವನ್ನು ಯಾವ ತರಬೇತಿ ಶಾಲೆಯೂ ಅಷ್ಟು ಚೆನ್ನಾಗಿ ಕಲಿಸಲಾರದು.

ಮೊದಲ ದೊಡ್ಡ ಹೊಡೆತ ಬಿದ್ದದ್ದು ಅದೇ ದಶಕದಲ್ಲಿ. ನಾಲ್ಕು ಮೂಟೆ, ಹತ್ತು ಮೂಟೆಗಳ ಬಿಡಿ ಸರಕನ್ನು ಒಯ್ಯುವುದನ್ನು ರೈಲ್ವೆ ಕ್ರಮೇಣ ಕೈಬಿಟ್ಟಿತು. ಇಡೀ ವ್ಯಾಗನ್, ಆಮೇಲೆ ಇಡೀ ರೇಕ್ ತುಂಬುವ ಸರಕಿಗೇ ಆದ್ಯತೆ. ಕೊಬ್ಬರಿ ಲಾರಿ ಹತ್ತಿತು. 1950ರ ಸುಮಾರಿಗೆ ದೇಶದ ಸರಕು ಸಾಗಣೆಯಲ್ಲಿ ಶೇ 80ಕ್ಕೂ ಮಿಗಿಲಾಗಿದ್ದ ರೈಲಿನ ಪಾಲು ಇಂದು ಮೂರನೆಯ ಒಂದಕ್ಕಿಂತ ಕಡಿಮೆಯಾಗಿರುವುದಕ್ಕೆ ಇಂಥ ನಿರ್ಧಾರಗಳೂ ಕಾರಣ. ಅದರ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಹೇಳಬೇಕಾದದ್ದು ಇಷ್ಟು: ಬಿಡಿ ಮೂಟೆಗಳ ಲೆಕ್ಕ ಬರೆಯುತ್ತಿದ್ದ ನಮಗೆ ಆ ಕೆಲಸ ಹೋಯಿತು, ನೌಕರಿ ಹೋಗಲಿಲ್ಲ. ನಮ್ಮನ್ನು ಬೇರೆ ನಿಲ್ದಾಣಗಳಿಗೆ ವರ್ಗಾಯಿಸಿ, ರಸಗೊಬ್ಬರ, ಸಿಮೆಂಟು, ಆಹಾರಧಾನ್ಯಗಳ ರೇಕುಗಳ ಕೆಲಸಕ್ಕೆ ಹಚ್ಚಿದರು.

1992ರಲ್ಲಿ ದೇಶದ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜಿಗೆ ಬದಲಿಸುವ ಏಕರೂಪ ಗೇಜ್ ಯೋಜನೆ ಆರಂಭವಾಯಿತು. ಒಂದು ಮೀಟರ್ ಅಂತರದ ಹಳಿಯ ಜಾಗದಲ್ಲಿ 1,676 ಮಿಲಿಮೀಟರ್ ಅಂತರದ ಹಳಿ. ಕಾಗದದ ಮೇಲೆ ಇದು ಕೇವಲ ಅಳತೆಯ ಬದಲಾವಣೆ. ನೆಲದ ಮೇಲೆ ಎಲ್ಲವೂ ಬದಲಾಯಿತು. ಅದುವರೆಗೆ ಎರಡು ಗೇಜುಗಳು ಕೂಡುವಲ್ಲಿ ಪ್ರತಿ ಮೂಟೆಯನ್ನೂ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕಿತ್ತು. ಆ ಕೆಲಸವೇ ಇಲ್ಲವಾಯಿತು. ನಲವತ್ತು ಮುಚ್ಚು ವ್ಯಾಗನ್ನುಗಳ ಒಂದು ರೇಕ್ ಸುಮಾರು ಎರಡೂವರೆ ಸಾವಿರ ಟನ್ ಸರಕು ತಂದು ಸುರಿಯತೊಡಗಿತು. ಅದನ್ನು ಗಂಟೆಗಳ ಲೆಕ್ಕದಲ್ಲಿ ಖಾಲಿ ಮಾಡಿಸಬೇಕು. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ದಾರಿ 1996ರಲ್ಲಿ ಮುಚ್ಚಿತು. 57 ಸುರಂಗಗಳ, ಐವತ್ತು ಮೀಟರ್ ನಡೆದರೆ ಒಂದು ಮೀಟರ್ ಏರುವ ಆ ಹಾದಿ ಬ್ರಾಡ್ ಗೇಜ್ ಆಗಿ ಸರಕಿಗೆ ತೆರೆದದ್ದು 2006ರಲ್ಲಿ, ಪ್ರಯಾಣಿಕರಿಗೆ 2007ರ ಡಿಸೆಂಬರ್‌ನಲ್ಲಿ. ಹತ್ತು ವರ್ಷ ಕರಾವಳಿಯ ಹಳಿ ನಿದ್ದೆ ಹೋಗಿತ್ತು. ನಾವು ಮಾತ್ರ ಆ ಹತ್ತು ವರ್ಷದಲ್ಲಿ ಹೊಸ ವ್ಯಾಗನ್ನು, ಹೊಸ ಬ್ರೇಕು, ಹೊಸ ನಿಯಮಗಳನ್ನು ಕಲಿಯುತ್ತಲೇ ಇದ್ದೆವು.

ಆಮೇಲೆ ಬಂತು ಕಂಪ್ಯೂಟರ್. ರೈಲ್ವೆಯ ಮಾಹಿತಿ ವ್ಯವಸ್ಥೆಗಳಿಗಾಗಿ 'ಕ್ರಿಸ್' ಎಂಬ ಸಂಸ್ಥೆ 1986ರಲ್ಲೇ ಸ್ಥಾಪನೆಯಾಗಿದ್ದರೂ, ಸರಕು ಸಾಗಣೆಯ ಗಣಕಜಾಲ ನಮ್ಮಂಥವರ ಮೇಜಿಗೆ ಬಂದು ಕುಳಿತದ್ದು 2000ದ ನಂತರ. ನನಗಾಗ ನಲವತ್ತೈದು ದಾಟಿತ್ತು. ಕೀಲಿಮಣೆಯ ಮೇಲೆ ಅಕ್ಷರ ಹುಡುಕುವಾಗ ಕೈ ನಡುಗುತ್ತಿತ್ತು. ಮಗಳ ವಯಸ್ಸಿನ ಹುಡುಗಿಯೊಬ್ಬಳು ತರಬೇತಿ ಕೊಡಲು ಬಂದಿದ್ದಳು. 'ಸಾರ್, ತಪ್ಪು ಒತ್ತಿದ್ರೂ ಏನೂ ಆಗಲ್ಲ, ಮತ್ತೆ ಹಿಂದಕ್ಕೆ ಬರಬಹುದು' ಎಂದಳು. ಡೆಬಿಟ್ ತೆತ್ತವನಿಗೆ ಅದನ್ನು ನಂಬುವುದು ಸುಲಭವಿರಲಿಲ್ಲ. ಆರು ತಿಂಗಳು ಕಂಪ್ಯೂಟರಿನ ರಸೀದಿಯನ್ನು ಕೈಲೆಕ್ಕದಲ್ಲಿ ತಾಳೆ ನೋಡಿಯೇ ರುಜು ಹಾಕಿದೆ. ನನ್ನ ನಿಧಾನವನ್ನು ಇಲಾಖೆ ಆರು ತಿಂಗಳು ಸಹಿಸಿಕೊಂಡಿತು. ಇಂದಿನ ಲೆಕ್ಕಾಚಾರದಲ್ಲಿ ಅದು ನಷ್ಟ. ಆದರೆ ಆ ಆರು ತಿಂಗಳಲ್ಲಿ ನನ್ನ ಹಳೆಯ ತಿಳಿವಳಿಕೆ ಹೊಸ ಯಂತ್ರದ ಪಕ್ಕಕ್ಕೆ ಬಂದು ಕುಳಿತುಕೊಂಡಿತು.

ಆ ತಿಳಿವಳಿಕೆಯ ಬೆಲೆ ಗೊತ್ತಾದದ್ದು ಕಬ್ಬಿಣದ ಅದಿರಿನ ಕಾಲದಲ್ಲಿ. ಬಳ್ಳಾರಿ-ಹೊಸಪೇಟೆಯ ಅದಿರು ದೇಶದೊಳಗಿನ ಕಾರ್ಖಾನೆಗಳಿಗೂ ಹೋಗುತ್ತಿತ್ತು, ಬಂದರುಗಳ ಮೂಲಕ ಹೊರದೇಶಕ್ಕೂ ಹೋಗುತ್ತಿತ್ತು. 2008ರಿಂದ ಕೆಲವು ವರ್ಷ ಅದಿರಿಗೆ ಎರಡು ಬಗೆಯ ಸಾಗಣೆ ದರವಿತ್ತು: ದೇಶದೊಳಗಿನ ಬಳಕೆಗಾದರೆ ಕಡಿಮೆ, ರಫ್ತಿಗಾದರೆ ಬಹಳ ಹೆಚ್ಚು. ಕಡಿಮೆ ದರ ಬೇಕೆಂದರೆ ನಿಗದಿತ ದಾಖಲೆಗಳನ್ನು ಕೊಡಬೇಕು. ಈ ವ್ಯವಸ್ಥೆಯಲ್ಲಿ ದಾಖಲೆಗಳ ಲೋಪದಿಂದ ಸಾವಿರಾರು ಕೋಟಿ ರೂಪಾಯಿ ಕೈತಪ್ಪಿತೆಂದು ಮಹಾಲೇಖಪಾಲರ ವರದಿ 2015ರಲ್ಲಿ ಹೇಳಿತು. ನನ್ನ ಅನುಭವ ಅಷ್ಟು ದೊಡ್ಡದಲ್ಲ. ಒಂದು ಸಂಜೆ ಏಜೆಂಟನೊಬ್ಬ ತಂದ ಕಾಗದಗಳನ್ನು ಕಂಪ್ಯೂಟರ್ ತಕರಾರಿಲ್ಲದೆ ಸ್ವೀಕರಿಸಿತು. ಆದರೆ ಅದರಲ್ಲಿದ್ದ ಪತ್ರವೊಂದರ ಕ್ರಮಸಂಖ್ಯೆಯನ್ನು ಮೂರು ದಿನದ ಹಿಂದೆ ಬೇರೊಂದು ರೇಕಿನ ಕಾಗದದಲ್ಲಿ ಕಂಡ ನೆನಪು ನನಗಿತ್ತು. ಕಡತ ತೆಗೆದು ನೋಡಿದರೆ ನೆನಪು ನಿಜ. ರಸೀದಿ ತಡೆಹಿಡಿದು ಮೇಲಿನವರಿಗೆ ಬರೆದೆ. ಯಂತ್ರ ಕೇಳಿದ್ದು ದಾಖಲೆ ಇದೆಯೇ ಎಂದು. ಆ ದಾಖಲೆ ನಿಜವೇ ಎಂದು ಕೇಳಲು ವರ್ಷಗಟ್ಟಲೆ ಅದೇ ಮೇಜಿನ ಮುಂದೆ ಕುಳಿತ ಮನುಷ್ಯ ಬೇಕಾಗಿತ್ತು.

2017ರಲ್ಲಿ ಸರಕು ವಿಭಾಗದ ಮೇಲ್ವಿಚಾರಕನಾಗಿ ನಿವೃತ್ತನಾದೆ. ಹಬೆ, ಡೀಸೆಲ್, ಮೀಟರ್ ಗೇಜ್, ಬ್ರಾಡ್ ಗೇಜ್, ಬಿಡಿ ಮೂಟೆ, ಇಡೀ ರೇಕ್, ಕಾರ್ಬನ್ ಹಾಳೆ, ಗಣಕಜಾಲ, ಓಡುವ ರೈಲನ್ನೇ ತೂಗುವ ತೂಕಸೇತುವೆ: ಇಷ್ಟೂ ನನ್ನೊಬ್ಬನ ಸೇವಾವಧಿಯಲ್ಲಿ ಬಂದುಹೋದವು. ಇವನ್ನೆಲ್ಲ ಒಟ್ಟಿಗೆ ಹಿಡಿದಿಟ್ಟ ವಸ್ತು ಒಂದೇ, ಕಚೇರಿಯ ಬೀರುವಿನಲ್ಲಿದ್ದ ನನ್ನ ಸೇವಾ ಪುಸ್ತಕ. ಸೇರಿದ ದಿನಾಂಕದಿಂದ ನಿವೃತ್ತಿಯವರೆಗೆ ಪ್ರತಿ ವರ್ಗಾವಣೆ, ಪ್ರತಿ ತರಬೇತಿ, ಪ್ರತಿ ಬಡ್ತಿ, ಪ್ರತಿ ದಂಡ ಅದರಲ್ಲಿ ದಾಖಲಾಗಿತ್ತು. ಹೊಸ ತಂತ್ರಜ್ಞಾನ ಬಂದಾಗ ಕಲಿಸುವ ಖರ್ಚನ್ನು ಸಂಸ್ಥೆ ಹೊತ್ತುಕೊಂಡಿತು. ಕಲಿತವನು ಬಿಟ್ಟುಹೋಗುವುದಿಲ್ಲವೆಂಬ ನಂಬಿಕೆ ಅದಕ್ಕಿತ್ತು. ನನ್ನನ್ನು ಹೊರಗೆ ಹಾಕುವುದಿಲ್ಲವೆಂಬ ನಂಬಿಕೆ ನನಗಿತ್ತು. ಹುಡುಗನ ಪ್ರಶ್ನೆಗೆ ಉತ್ತರ ಇದೇ. ನಾನು ಅವನಿಗಿಂತ ಜಾಣನಾಗಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಭದ್ರ ನೌಕರಿಯ ಮರೆಯಲ್ಲಿ ದುಡಿಯದೆ ಕಾಲ ಕಳೆದವರನ್ನೂ, ಕೈ ಬೆಚ್ಚಗಾಗದೆ ಕಾಗದ ಸರಿಸದವರನ್ನೂ ನಾನು ಕಂಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಚುಚ್ಚುವುದು ಇನ್ನೊಂದು ಸಂಗತಿ. ನಾನು ಎಣಿಸಿದ ಮೂಟೆಗಳನ್ನು ಹೊತ್ತವರು ಹಮಾಲಿಗಳು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಕಾದ ವ್ಯಾಗನ್ನಿನೊಳಗಿಂದ ಐವತ್ತು ಕಿಲೋ ಗೊಬ್ಬರದ ಚೀಲವನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದವರು. ಅವರೂ ಇಪ್ಪತ್ತು, ಮೂವತ್ತು ವರ್ಷ ಅದೇ ಕಟ್ಟೆಯ ಮೇಲೆ ದುಡಿದರು. ಯಾವ ಚೀಲವನ್ನು ಹೇಗೆ ಒಟ್ಟಿದರೆ ಕುಸಿಯುವುದಿಲ್ಲ, ಮಳೆ ಬಂದರೆ ಯಾವ ಬದಿಯಿಂದ ಮುಚ್ಚಬೇಕು ಎಂಬುದನ್ನು ನನಗೆ ಕಲಿಸಿದವರೇ ಅವರು. ಅವರಿಗೆ ಸೇವಾ ಪುಸ್ತಕವಿರಲಿಲ್ಲ. ಬೆನ್ನು ಬಾಗಿದ ದಿನ ಅವರೂ ಯಾವ ದಾಖಲೆಯೂ ಇಲ್ಲದೆ ಮನೆಗೆ ಹೋದರು. ಅಂದು ಅದು ನನಗೆ ಅನ್ಯಾಯವಾಗಿ ಕಾಣಲಿಲ್ಲ, ಲೋಕರೂಢಿಯಾಗಿ ಕಂಡಿತು. ಇಂದು ಅದೇ ರೂಢಿ ಹಮಾಲಿಯ ಬೆನ್ನಿನಿಂದ ಡಿಪ್ಲೊಮಾ ಓದಿದ ಹುಡುಗನ ಕೈಯ ಸ್ಕ್ಯಾನರಿಗೆ ಬಂದಿದೆ. ನಮ್ಮ ಮನೆಯ ಬಾಗಿಲಿಗೆ ಬಂದ ಮೇಲೆ ನನಗೆ ಕಂಡಿತು ಎಂದು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಎಲ್ಲರಿಗೂ ಮೂವತ್ತೆಂಟು ವರ್ಷದ ಸರ್ಕಾರಿ ನೌಕರಿ ಕೊಡಿ ಎನ್ನಲಾದೀತೇ? ಸರ್ಕಾರಿ ನೌಕರಿಯ ಸ್ವರೂಪವೇ ಬದಲಾಗಿದೆ. 2004ರ ಜನವರಿಯ ನಂತರ ಕೇಂದ್ರದ ಸೇವೆಗೆ ಸೇರಿದವರಿಗೆ ನನಗೆ ದೊರೆತ ಬಗೆಯ ಪಿಂಚಣಿ ಇಲ್ಲ. ಹಬ್ಬದ ತಿಂಗಳಲ್ಲಿ ಎರಡರಷ್ಟು, ಉಳಿದಾಗ ಅರ್ಧದಷ್ಟು ಕೆಲಸವಿರುವ ವ್ಯಾಪಾರದಲ್ಲಿ ಎಲ್ಲರನ್ನೂ ಕಾಯಂ ಮಾಡಿ ಎಂದರೆ ಒಡೆಯರು ಒಪ್ಪಲಾರರು. ಆದರೆ ಕೆಲಸ ಕಾಯಂ ಆಗಿರದಿದ್ದರೂ ಕೆಲಸಗಾರನ ದಾಖಲೆ ಕಾಯಂ ಆಗಿರಲು ಸಾಧ್ಯವಿದೆ. ಇದು ಹೊಸ ಕಲ್ಪನೆಯೂ ಅಲ್ಲ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾರ್ಮಿಕರ ಕಾಯ್ದೆಯನ್ನು ತಂದಿತು. ಅದರಂತೆ ಹೊರೆ ಹೊರುವವರ ನೋಂದಣಿ ನಡೆಯುವುದು ಒಬ್ಬ ಮಾಲೀಕನ ಬಳಿಯಲ್ಲ, ಒಂದು ಮಂಡಳಿಯಲ್ಲಿ. ಮಾಲೀಕರು ಕೂಲಿಯನ್ನೂ, ಅದರ ಮೇಲೆ ಒಂದಿಷ್ಟು ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ. ಮಾಲೀಕ ಬದಲಾದರೂ ಕಾರ್ಮಿಕನ ಭವಿಷ್ಯನಿಧಿ, ಗ್ರಾಚ್ಯುಟಿ ಮುಂದುವರಿಯುತ್ತವೆ. ಆ ಕಾಯ್ದೆಯ ಹೆಸರಿನಲ್ಲಿ ಸುಲಿಗೆ ಮಾಡುವವರು ಹುಟ್ಟಿಕೊಂಡರೆಂಬ ದೂರುಗಳಿವೆ. ಆದರೂ ಅದರ ತಿರುಳು ಸರಿ: ದುಡಿಮೆಯ ಲೆಕ್ಕ ದುಡಿದವನ ಹಿಂದೆ ಹೋಗಬೇಕು.

ನಮ್ಮಲ್ಲಿ ಈಚೆಗೆ ಕೆಲವು ಹೆಜ್ಜೆಗಳು ಬಿದ್ದಿವೆ. ಭವಿಷ್ಯನಿಧಿಗೆ 2014ರಿಂದ ಒಬ್ಬರಿಗೆ ಒಂದೇ ಖಾತೆ ಸಂಖ್ಯೆ. ಕೆಲಸ ಬದಲಾದರೂ ಅದು ಬದಲಾಗದು. ಅಸಂಘಟಿತರ ನೋಂದಣಿಗೆ 2021ರಲ್ಲಿ ಇ-ಶ್ರಮ್ ಬಂತು. ವೇದಿಕೆ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿ ಮಂಡಳಿಯ ವ್ಯವಸ್ಥೆ ತಂದಿತು. ಅದು ಮುಖ್ಯವಾಗಿ ವಾಹನ ಓಡಿಸುವ, ಮನೆಬಾಗಿಲಿಗೆ ತಲುಪಿಸುವ ಜನರನ್ನು ಗಮನದಲ್ಲಿಟ್ಟಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ನೀಡಬೇಕೆನ್ನುತ್ತವೆ. ಒಳ್ಳೆಯದೇ. ಆದರೆ ಹನ್ನೊಂದು ತಿಂಗಳ ಲೆಕ್ಕ ಬಲ್ಲವರಿಗೆ ಹನ್ನೆರಡನೆಯ ತಿಂಗಳ ಬೆಲೆ ಚೆನ್ನಾಗಿ ಗೊತ್ತು. ಅಲ್ಲದೆ ಇವೆಲ್ಲವೂ ಹಣದ ಲೆಕ್ಕ. ನಮ್ಮ ಹುಡುಗನ ಭವಿಷ್ಯನಿಧಿಗೆ ಸಂಖ್ಯೆ ಇದೆ. ಅವನು ಕಲಿತದ್ದಕ್ಕೆ ಸಂಖ್ಯೆ ಇಲ್ಲ. ಎರಡೂವರೆ ವರ್ಷದಲ್ಲಿ ಅವನು ಏನು ಕಲಿತ ಎಂಬುದನ್ನು ಬಲ್ಲ ಸಾಧನ ಆ ಸ್ಕ್ಯಾನರ್ ಒಂದೇ. ಅದನ್ನು ಗೇಟಿನಲ್ಲಿ ಹಿಂದಕ್ಕೆ ಪಡೆದರು.

ಈ ಮಾತಿಗೆ ಈಗ ಅವಸರವಿದೆ. ಬೆಂಗಳೂರಿನಿಂದ ಅರಸೀಕೆರೆಗೆ ಬರುವ ಅದೇ ಹಳಿಯ ಪಕ್ಕದಲ್ಲಿ, ದಾಬಸ್‌ಪೇಟೆಯ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ, ಸುಮಾರು 400 ಎಕರೆಯ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕಿಗೆ 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಪ್ರಕಟವಾಯಿತು. ಸಾಗಣೆಯ ವೆಚ್ಚ ತಗ್ಗಬೇಕು, ವೇಗ ಹೆಚ್ಚಬೇಕು ಎಂಬ ಗುರಿಯನ್ನು ಯಾರೂ ಅಲ್ಲಗಳೆಯರು. ತುಮಕೂರು, ತಿಪಟೂರು, ಅರಸೀಕೆರೆಗಳ ಮಕ್ಕಳು ಆ ಗೇಟಿನ ಮುಂದೆ ಸಾಲು ನಿಲ್ಲುವುದೂ ಖಚಿತ. ಜಮೀನು ಎಷ್ಟು ಎಕರೆ, ಬಂಡವಾಳ ಎಷ್ಟು ಕೋಟಿ ಎಂದು ಲೆಕ್ಕ ಹಾಕುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು: ಅಲ್ಲಿ ಮೂಟೆ ಎತ್ತಲು ಸೇರಿದವನು ಹತ್ತು ವರ್ಷದ ನಂತರ ಏನಾಗಿರುತ್ತಾನೆ? ಸಂಬಳ ಯಾವ ಗುತ್ತಿಗೆದಾರನಿಂದ ಬಂದರೂ, ಕಾರ್ಮಿಕ ಅಲ್ಲಿ ದುಡಿದ ದಿನಗಳನ್ನೂ ಪಡೆದ ತರಬೇತಿಯನ್ನೂ ನಡೆಸಿದ ಯಂತ್ರಗಳನ್ನೂ ದೃಢೀಕರಿಸಿದ ದಾಖಲೆ ಅವನ ಕೈಗೆ ಸಿಗಬೇಕು. ಅದರ ಹೊಣೆ ಉಗ್ರಾಣದ ಒಡೆಯನದಾಗಿರಬೇಕು. ಹೊಸ ಯಂತ್ರ ತಂದಾಗ ಇದ್ದವರಿಗೆ ಕಲಿಯುವ ಮೊದಲ ಅವಕಾಶ ಸಿಗಬೇಕು. ಪ್ರತಿ ಪೊಟ್ಟಣವೂ ಈಗ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಹೇಳಬಲ್ಲ ವ್ಯವಸ್ಥೆಗೆ, ಅದನ್ನು ಎತ್ತಿಟ್ಟ ಮನುಷ್ಯನ ಲೆಕ್ಕ ಇಡುವುದು ಕಷ್ಟವಾಗಲಾರದು.

ಆ ಸಂಜೆ ನಾವು ಕುಳಿತಿದ್ದ ದೇವಾಲಯವನ್ನು ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಸೋದರರು ಸುಮಾರು 1235ರಲ್ಲಿ ಕಟ್ಟಿಸಿದರು. ಹೊಯ್ಸಳರ ಶಿಲ್ಪಿಗಳೂ ಊರಿಂದೂರಿಗೆ ಹೋಗಿ, ಒಬ್ಬ ದಾನಿಯ ಕೆಲಸ ಮುಗಿದ ಮೇಲೆ ಇನ್ನೊಬ್ಬರ ಕೆಲಸ ಹಿಡಿದವರೇ. ಅವರದೂ ಒಂದು ಬಗೆಯ ಗುತ್ತಿಗೆಯ ಬದುಕು. ಆದರೆ ಅವರಲ್ಲಿ ಹಲವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ದೇವಾಲಯದಲ್ಲಿ ಕಾಣುವ ಮಲ್ಲಿತಮ್ಮನ ಹೆಸರು ಹದಿಮೂರನೆಯ ಶತಮಾನದ ನಡುಭಾಗದ ಸೋಮನಾಥಪುರದಲ್ಲೂ ಕಾಣುತ್ತದೆ. ಸುಮಾರು ಅರವತ್ತು ವರ್ಷಗಳ ದುಡಿಮೆ! ರಾಜರೂ ದಾನಿಗಳೂ ಬದಲಾದರು. ಅವನ ಸೇವಾ ಪುಸ್ತಕ ಬಳಪದ ಕಲ್ಲಿನ ಮೇಲೆ ಅವನ ಜೊತೆಯಲ್ಲೇ ಊರೂರು ತಿರುಗಿತು. ಆ ಕಾರಣದಿಂದಲೇ ಇಂದು ನಾವು ಅವನ ಕೈ ಹೇಗೆ ಪಳಗಿತೆಂದು ನೋಡಬಲ್ಲೆವು.

ಮರುದಿನ ಹುಡುಗನನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಅವನು ಆ ಉಗ್ರಾಣದಲ್ಲಿ ಕಲಿತದ್ದನ್ನೆಲ್ಲ ಬರೆಸಿದೆ. ಮೊದಲು 'ಏನಿದೆ ದೊಡ್ಡಪ್ಪ ಬರೆಯಕ್ಕೆ, ಸ್ಕ್ಯಾನ್ ಮಾಡ್ತಿದ್ದೆ ಅಷ್ಟೇ' ಎಂದವನು ಬರೆಯುತ್ತ ಹೋದಂತೆ ತಾನೇ ಬೆರಗಾದ. ಯಾವ ಸಾಮಾನು ಒಡೆಯುತ್ತದೆ, ಯಾವುದನ್ನು ಯಾವುದರ ಮೇಲೆ ಇಡಬಾರದು, ಹಬ್ಬದ ಮುನ್ನಾವಾರ ಯಾವ ಸಾಲು ಮೊದಲು ಖಾಲಿಯಾಗುತ್ತದೆ, ಯಂತ್ರ ತಪ್ಪು ಅರೆಯನ್ನು ತೋರಿಸಿದರೆ ಹೇಗೆ ಗೊತ್ತಾಗುತ್ತದೆ: ಹನ್ನೊಂದು ಪುಟ ತುಂಬಿತು. ಕೊನೆಯ ಪುಟ ಮುಗಿಸಿ ಪೆನ್ನು ಕೆಳಗಿಟ್ಟು ಕೇಳಿದ: 'ಇದಕ್ಕೆ ರುಜು ಹಾಕೋರು ಯಾರು?'

ಸಾವಿರಾರು ರಸೀದಿಗಳಿಗೆ ಕೈ ನಡುಗದೆ ರುಜು ಹಾಕಿದವನು ನಾನು. ಆ ನೋಟ್‌ಬುಕ್ಕಿಗೆ ಹಾಕುವ ಅಧಿಕಾರ ನನಗಿರಲಿಲ್ಲ. ಯಾರಿಗಿದೆಯೋ ಅವರು ಹಾಕಲಿ ಎಂದು ಕೇಳುವುದಕ್ಕಾಗಿ ಇಷ್ಟನ್ನು ಬರೆದಿದ್ದೇನೆ.